ಅಜ್ಜನ ಅಂಬಾಸಿಡರ್‌ಗೆ ರೇಡಿಯೋ ಹಾಕಿದ್ದು

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ರಿಲೀಸು, ಡೆಡ್‌ಲೈನು ಅಂತ ಆಫೀಸಿನ ನೆಪ ಹೇಳಬಹುದು, ಆದ್ರೆ ನಿಜವಾದ ಕಾರಣ ಸೋಮಾರಿತನವೇ :-) ಈ ಸಲ ಮಾತ್ರ ಬರೆಯಲೇಬೇಕು ಅನ್ನಿಸ್ತು. ಯಾಕಂದ್ರೆ ಕಳೆದ ಮೂರು ತಿಂಗಳು ನಾನು ಊರಿಗೆ ಹೋದಾಗಲೆಲ್ಲ ಒಂದು ಹಳೇ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದೆ. ಆ ಸ್ಥಿತಿಯಲ್ಲಿ ಮನುಷ್ಯನಿಗೆ ಇತಿಹಾಸ ಬಹಳ ಹೊಳೆಯುತ್ತದೆ.

ಕಥೆ ಶುರುವಾಗಿದ್ದು ಒಂದು ಫೋನಿನಿಂದ. ಚಿಕ್ಕಪ್ಪ ಮಾಡಿದ್ದರು. "ಅಪ್ಪಯ್ಯನ ಗಾಡಿಗೆ ಒಂದು ಮ್ಯೂಸಿಕ್ ಸಿಸ್ಟಮ್ ಹಾಕಿಸ್ತಾ ಇದೀನಿ ಮಾರಾಯ. ಮೇಸ್ತ್ರಿ ನಾಳೆ ಬರ್ತಾನೆ. ಡ್ಯಾಶ್‌ಬೋರ್ಡ್ ಕಟ್ ಮಾಡಿ ಕೂರಿಸ್ತಾನಂತೆ, ಅರ್ಧ ದಿನದ ಕೆಲಸ."

ಅಪ್ಪಯ್ಯನ ಗಾಡಿ ಅಂದ್ರೆ ಅಜ್ಜನ 1964ರ ಅಂಬಾಸಿಡರ್. ಎರಡನೇ ಕೈಯಲ್ಲಿ ಕೊಂಡಿದ್ದು. ಅಜ್ಜನಿಗೆ ಈಗ 86. ಕಾರು ಓಡಿಸೋದು ಬಿಟ್ಟು ಹತ್ತು ವರ್ಷ ಆಗಿದೆ. ಆದ್ರೂ ಭಾನುವಾರ ಬೆಳಿಗ್ಗೆ ಯಾರಾದರೂ ಕೊಟ್ಟಿಗೆ ಪಕ್ಕದ ಶೆಡ್ಡಿನಿಂದ ಗಾಡಿ ತೆಗೆದು ಸ್ಟಾರ್ಟ್ ಮಾಡಲೇಬೇಕು, ಅಜ್ಜ ಪಕ್ಕದ ಸೀಟಿನಲ್ಲಿ ಕೂತು ಪೇಟೆವರೆಗೆ ಹೋಗಿ ಬರಲೇಬೇಕು. ಅಜ್ಜಿ ತೀರಿಕೊಂಡ ಮೇಲೆ ಅವರು ತಪ್ಪದೆ ಮನೆಯಿಂದ ಹೊರಗೆ ಹೋಗೋದು ಅದೊಂದೇ. ಆ ಒಂದು ಗಂಟೆ ಅವರಿಗೆ ರೇಡಿಯೋ ಕೇಳಿಸಬೇಕು ಅನ್ನೋದು ಚಿಕ್ಕಪ್ಪನ ಆಸೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದ್ರೆ "ಕಟ್ ಮಾಡಿ" ಅಂದ ತಕ್ಷಣ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯ್ತು. ಪ್ಲಾಸ್ಟಿಕ್ ಆದ್ರೆ ಹೊಸದು ತರಬಹುದು. ಇದು ತಗಡು. ಗರಗಸ ಹಾಕಿದ ಮೇಲೆ ಮುಗೀತು, ಅಂಡೂ ಬಟನ್ ಇಲ್ಲ.

"ಚಿಕ್ಕಪ್ಪ, ಒಂದು ತಿಂಗಳು ಟೈಮ್ ಕೊಡಿ. ಕಟ್ ಮಾಡದೇ ನಾನೇ ಹಾಕ್ತೀನಿ" ಅಂದುಬಿಟ್ಟೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಡಿಗ್ರಿ ಇದೆ ನೋಡಿ! ಡಿಗ್ರಿ ಮುಗಿದ ಮೇಲೆ ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದಿರಲಿಲ್ಲ ಅನ್ನೋದು ಬೇರೆ ಮಾತು.

ಮೊದಲು ತಲೆಗೆ ಬಂದ ಪ್ರಶ್ನೆ ಇದು. ಕಾರಿನಲ್ಲಿ ರೇಡಿಯೋಗೆ ಅಂತ ಜಾಗವೇ ಇಲ್ಲದ ಕಾಲದಲ್ಲಿ ಜನ ರೇಡಿಯೋ ಎಲ್ಲಿ ಇಟ್ಟಿದ್ದರು? ಅದನ್ನು ಹುಡುಕುತ್ತಾ ಹೋದವನು ಅಮೆರಿಕದ ಷಿಕಾಗೋ ತಲುಪಿದೆ.

1928ರಲ್ಲಿ ಪಾಲ್ ಗಾಲ್ವಿನ್ ಮತ್ತು ಅವನ ತಮ್ಮ ಜೋಸೆಫ್ ಅಲ್ಲಿ ಒಂದು ಸಣ್ಣ ಕಂಪನಿ ಶುರು ಮಾಡಿದರು. ಮನೆಯ ರೇಡಿಯೋವನ್ನು ಬ್ಯಾಟರಿ ಬದಲು ಕರೆಂಟಿನಲ್ಲಿ ನಡೆಸುವ ಉಪಕರಣ ಮಾಡಿ ಮಾರುತ್ತಿದ್ದರು. ನೇರ ಕರೆಂಟಿಗೆ ಹಾಕುವ ರೇಡಿಯೋಗಳೇ ಬರತೊಡಗಿದಾಗ ಆ ಉಪಕರಣ ಯಾರಿಗೂ ಬೇಡವಾಯ್ತು. ಅದರ ಮೇಲೆ 1929ರ ಷೇರುಪೇಟೆ ಕುಸಿತ. ಮುಳುಗುವವನಿಗೆ ಹುಲ್ಲುಕಡ್ಡಿ ಅನ್ನೋ ಹಾಗೆ ಗಾಲ್ವಿನ್ ಕಾರ್ ರೇಡಿಯೋ ಹಿಡಿದುಕೊಂಡ. ಕಾರಿನಲ್ಲಿ ರೇಡಿಯೋ ಇಟ್ಟವರಲ್ಲಿ ಅವನೇ ಮೊದಲಿಗನಲ್ಲ, 1920ರ ದಶಕದಲ್ಲೇ ಬೇರೆಯವರು ಇಟ್ಟಿದ್ದರು. ಆದರೆ ಅವು ದುಬಾರಿ, ಮತ್ತು ಎಂಜಿನ್ ಆನ್ ಮಾಡಿದರೆ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ.

ಆ ಗೊರಗೊರ ಯಾಕೆ ಗೊತ್ತಾ? ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗೆಲ್ಲ ಅದೂ ಒಂದು ಪುಟ್ಟ ರೇಡಿಯೋ ಸ್ಟೇಷನ್ನೇ. ನಿಮಿಷಕ್ಕೆ ಸಾವಿರಾರು ಸಲ ಪ್ರಸಾರ! ಅದರ ಜೊತೆಗೆ ಡೈನಮೋದ ಬ್ರಷ್‌ಗಳ ಕಿಡಿ ಬೇರೆ. ಪ್ಲಗ್ಗಿನ ವೈರಿಗೆ ರೆಸಿಸ್ಟರ್, ಡೈನಮೋಗೆ ಕೆಪಾಸಿಟರ್ ಹಾಕಿ ಅದನ್ನು ತಕ್ಕಮಟ್ಟಿಗೆ ಸುಮ್ಮನಾಗಿಸಿದರು. ಈ ಕೆಲಸದಲ್ಲಿ ಗಾಲ್ವಿನ್ ಜೊತೆ ಇದ್ದವರು ಎಲ್ಮರ್ ವೇವರಿಂಗ್ ಮತ್ತು ವಿಲಿಯಂ ಲಿಯರ್. ಇದೇ ಲಿಯರ್ ಮುಂದೆ ಲಿಯರ್‌ಜೆಟ್ ವಿಮಾನ ಮಾಡಿದ. ಕಾರಿನಲ್ಲಿ ಟೇಪ್ ಹಾಕಿ ಹಾಡು ಕೇಳುವ 8-ಟ್ರ್ಯಾಕ್ ಪ್ಲೇಯರ್ ಕೂಡ ಅವನದೇ. ಕೆಲವರಿಗೆ ಸುಮ್ಮನೆ ಕೂರೋಕೆ ಬರೋದೇ ಇಲ್ಲ.

1930ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮಾವೇಶ ಇತ್ತು. ಗಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿನಲ್ಲಿ ರೇಡಿಯೋ ಇಟ್ಟುಕೊಂಡು ಷಿಕಾಗೋದಿಂದ ಅಲ್ಲಿಗೆ ಓಡಿಸಿಕೊಂಡು ಹೋದ. ಒಳಗೆ ಮಳಿಗೆ ಇರಲಿಲ್ಲ, ಹಾಗಾಗಿ ಹೊರಗೆ ಕಾರು ನಿಲ್ಲಿಸಿ ದೊಡ್ಡದಾಗಿ ರೇಡಿಯೋ ಹಾಕಿದ. ಜನ ಸೇರಿದರು, ಆರ್ಡರ್ ಬಂತು. ಆ ಮಾದರಿಯ ಹೆಸರು 5ಟಿ71, ಬೆಲೆ 110ರಿಂದ 130 ಡಾಲರ್. ಆಗ ಹೊಸ ಫೋರ್ಡ್ ಮಾಡೆಲ್ ಎ ಕಾರೇ 500 ಡಾಲರ್ ಆಸುಪಾಸಿನಲ್ಲಿತ್ತು! ಮೋಟರ್ ಕಾರಿನ 'ಮೋಟರ್' ತಗೊಂಡು, ಆ ಕಾಲದ ಗ್ರಾಮಫೋನ್ ಹೆಸರುಗಳ ಹಾಗೆ ಕೊನೆಗೆ 'ಓಲಾ' ಸೇರಿಸಿ ಅದಕ್ಕೆ ಮೋಟೊರೋಲಾ ಅಂತ ಹೆಸರಿಟ್ಟರು. 1947ರಲ್ಲಿ ಕಂಪನಿಯ ಹೆಸರೂ ಅದೇ ಆಯ್ತು. ಆ ಹೆಸರಿನ ಮೊಬೈಲ್ ನಮ್ಮಲ್ಲಿ ಎಷ್ಟೋ ಜನರ ಕೈಯಲ್ಲಿ ಇತ್ತು, ಆದರೆ ಅದರೊಳಗೆ ಒಂದು ಕಾರು ಇದೆ ಅಂತ ನನಗಂತೂ ಗೊತ್ತಿರಲಿಲ್ಲ.

ಇನ್ನೊಂದು ಕಥೆ ಹೇಳುತ್ತಾರೆ. ಸಾಲ ಬೇಕಾಗಿದ್ದ ಗಾಲ್ವಿನ್, ಬ್ಯಾಂಕಿನವರಿಗೆ ಖುಷಿಯಾಗಲಿ ಅಂತ ಅವರ ಪ್ಯಾಕಾರ್ಡ್ ಕಾರಿಗೆ ರೇಡಿಯೋ ಹಾಕಿಸಿಕೊಟ್ಟನಂತೆ. ಸ್ವಲ್ಪ ಹೊತ್ತಿಗೆ ಆ ಕಾರಿಗೆ ಬೆಂಕಿ ಹತ್ತಿತಂತೆ. ಸಾಲ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ? ಈ ಕಥೆ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಸರದಿ ಇದೆ.

ಈಗ ನನ್ನ ಪ್ರಶ್ನೆಗೆ ಬರೋಣ. ಆ ರೇಡಿಯೋ ಎಲ್ಲಿ ಇಡುತ್ತಿದ್ದರು? ಅದೇನು ಅಂಗೈಯಗಲದ ಸೆಟ್ಟಲ್ಲ. ವಾಲ್ವ್‌ಗಳ ಕಾಲ. ವಾಲ್ವ್ ಬೆಚ್ಚಗಾಗೋಕೆ ಒಂದು ವೋಲ್ಟೇಜು, ಕೆಲಸ ಮಾಡೋಕೆ ನೂರು ವೋಲ್ಟಿನ ಲೆಕ್ಕದಲ್ಲಿ ಇನ್ನೊಂದು. ಕಾರಿನ ಬ್ಯಾಟರಿ ಕೊಡೋದು ಬರೀ ಆರು ವೋಲ್ಟು. ಹಾಗಾಗಿ ಬೇರೆ ಬ್ಯಾಟರಿಗಳನ್ನು ಇಡಲು ಕಾರಿನ ತಳದ ಹಲಗೆ ಕೊರೆಯುತ್ತಿದ್ದರು. ಆಂಟೆನಾಗೆ ಚಾವಣಿಯ ಬಟ್ಟೆ ಬಿಚ್ಚಿ ತಂತಿಯ ಬಲೆ ಹಾಸುತ್ತಿದ್ದರು. ಅಂದ್ರೆ ಕೊರೆಯೋದು ಆಗಲೂ ಇತ್ತು. ಆದ್ರೆ ಡ್ಯಾಶ್‌ಬೋರ್ಡಿನ ಮುಖವನ್ನು ಮಾತ್ರ ಬಿಟ್ಟಿದ್ದರು. ರೇಡಿಯೋ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಹಿಂದೆಯೋ ಸೀಟಿನ ಕೆಳಗೋ ಇರುತ್ತಿತ್ತು. ಕೈಗೆ ಸಿಗುವ ಗುಂಡಿಗಳು ಸ್ಟೀರಿಂಗ್ ಕಂಬಕ್ಕೆ ಕ್ಲಾಂಪ್ ಹಾಕಿ ಕೂರಿಸಿದ ಒಂದು ಪುಟ್ಟ ಡಬ್ಬಿಯಲ್ಲಿ. ಅಲ್ಲಿಂದ ಪೆಟ್ಟಿಗೆಗೆ ಸ್ಪೀಡೋಮೀಟರ್ ಕೇಬಲ್ಲಿನ ಥರದ ತಿರುಗುವ ತಂತಿ. ಜರ್ಮನಿಯಲ್ಲಿ 1932ರಲ್ಲಿ ಬಂದ ಬ್ಲಾಪುಂಕ್ಟ್ ಎಎಸ್ 5 ಕೂಡ ಇದೇ ಥರ, ತೂಕ ಸುಮಾರು 15 ಕೆ.ಜಿ., ಬೆಲೆ 465 ಮಾರ್ಕ್, ಗುಂಡಿಗಳು ಸ್ಟೀರಿಂಗ್ ಪಕ್ಕ. ಈಗ ಹೊಸ ಕಾರಿನ ಜಾಹೀರಾತಿನಲ್ಲಿ "ಸ್ಟೀರಿಂಗ್ ಮೌಂಟೆಡ್ ಆಡಿಯೋ ಕಂಟ್ರೋಲ್" ಅಂತ ನೋಡಿದಾಗ ನನಗೆ ನಗು ಬರುತ್ತೆ.

ಮುಂದೆ ವೈಬ್ರೇಟರ್ ಅಂತ ಒಂದು ಸಾಧನ ಬಂತು. ಬ್ಯಾಟರಿಯ ನೇರ ವಿದ್ಯುತ್ತನ್ನು ಪಟಪಟ ಅಂತ ಕಡಿದು, ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವೋಲ್ಟೇಜ್ ಏರಿಸುತ್ತಿತ್ತು. ಬೇರೆ ಬ್ಯಾಟರಿಗಳ ಕಾಟ ತಪ್ಪಿತು. ಆನ್ ಮಾಡಿದ ತಕ್ಷಣ ಜೇನುಹುಳದ ಹಾಗೆ ಗುಂಯ್ ಅನ್ನೋದು, ವಾಲ್ವ್ ಬಿಸಿಯಾಗುವವರೆಗೆ ಕಾಯೋದು, ಆಮೇಲೆ ಮಾತು. ಇದರ ನಡುವೆ ಗಲಾಟೆಯೂ ಆಯ್ತು. ರೇಡಿಯೋ ಕೇಳುತ್ತಾ ಗಾಡಿ ಓಡಿಸಿದರೆ ಗಮನ ತಪ್ಪುತ್ತೆ, ನಿದ್ದೆ ಬರುತ್ತೆ ಅಂತ 1930ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನಂಥ ಕಡೆ ಅದನ್ನು ನಿಷೇಧಿಸುವ ಪ್ರಸ್ತಾಪ ಬಂತು. ಹೆಡ್‌ಫೋನ್ ಹಾಕಿಕೊಂಡು ಬೈಕ್ ಓಡಿಸುವ ನಮ್ಮ ಬೆಂಗಳೂರಿನ ಹುಡುಗರನ್ನು ಅವರು ನೋಡಿದ್ದರೆ ಏನು ಹೇಳ್ತಿದ್ದರೋ...

ಜನ ರೇಡಿಯೋ ಬಿಡೋದಿಲ್ಲ ಅಂತ ಗೊತ್ತಾದ ಮೇಲೆ ಕಾರಿನ ಕಂಪನಿಗಳೇ ಡ್ಯಾಶ್‌ಬೋರ್ಡಿನಲ್ಲಿ ಜಾಗ ಬಿಡತೊಡಗಿದವು. ರೇಡಿಯೋ ಬೇಡವೆಂದವರಿಗೆ ಆ ತೂತಿಗೊಂದು ಮುಚ್ಚಳ. ಎರಡು ಗುಂಡಿ, ನಡುವೆ ಡಯಲ್, ಇದೇ ರೂಪ ದಶಕಗಟ್ಟಲೆ ಉಳಿಯಿತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, 1955ರಲ್ಲಿ ಫಿಲ್ಕೋ ಮತ್ತು ಕ್ರೈಸ್ಲರ್ ಸೇರಿ ವಾಲ್ವೇ ಇಲ್ಲದ ಕಾರ್ ರೇಡಿಯೋ ತಂದರು, ಬೆಲೆ 150 ಡಾಲರ್. ವೈಬ್ರೇಟರ್ ಬೇಡ, ಬಿಸಿಯಾಗುವವರೆಗೆ ಕಾಯೋದು ಬೇಡ. ಪೆಟ್ಟಿಗೆ ಸಣ್ಣದಾಯ್ತು.

ಗರಗಸದ ಯುಗ ಜೋರಾಗಿದ್ದು ಇದಾದ ಮೇಲೆ. ಜರ್ಮನಿಯವರು 1984ರಲ್ಲಿ ಡಿಐಎನ್ 75490 ಅನ್ನೋ ಮಾನದಂಡದಲ್ಲಿ ಕಾರ್ ಸ್ಟೀರಿಯೋದ ಅಳತೆ ನಿಗದಿ ಮಾಡಿದರು. ಮುಖದ ಅಳತೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಮುಂದೆ ಅದೇ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7736 ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಳ್ಳೆ ಇಂಟರ್‌ಫೇಸ್. ಯಾವ ಕಂಪನಿಯ ಸೆಟ್ಟಾದರೂ ಯಾವ ಕಾರಿಗಾದರೂ ಕೂರುತ್ತೆ. ಆದ್ರೆ ಹಳೇ ಕಾರುಗಳಿಗೆ ಇದೇ ಮಾರಕವಾಯ್ತು. ಕ್ಯಾಸೆಟ್ ಪ್ಲೇಯರ್ ಬೇಕು ಅಂದವರೆಲ್ಲ ಹಳೇ ಡ್ಯಾಶ್‌ಬೋರ್ಡಿಗೆ ಆ ಅಳತೆಯ ತೂತು ಕೊರೆಸಿದರು. ಸೆಟ್ಟು ಐದು ವರ್ಷಕ್ಕೆ ಹಾಳಾಯ್ತು, ಎಸೆದರು. ತೂತು ಉಳಿಯಿತು.

ಇನ್ನು ನಮ್ಮ ಕಡೆ ಬರೋಣ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದ್ದು, ಅದಕ್ಕೆ 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು ನಿಮಗೆಲ್ಲ ಗೊತ್ತೇ ಇದೆ. ಅವರ ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್. ಬೆಂಗಳೂರು ಕೇಂದ್ರ ಬಂದಿದ್ದು 1955ರಲ್ಲಿ, ನಮ್ಮ ಮಲೆನಾಡಿಗೆ ಹತ್ತಿರದ ಭದ್ರಾವತಿ ಕೇಂದ್ರ 1965ರಲ್ಲಿ. ರೇಡಿಯೋ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಂಡರೆ ಅಪರಾಧ. ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕು. 1980ರ ದಶಕದ ಮಧ್ಯದಲ್ಲಿ ಅದು ಹೋಯ್ತು.

ಆ ಪುಸ್ತಕ ನನಗೆ ಸಿಕ್ಕಿದ್ದು ಅಂಬಾಸಿಡರ್‌ನ ಗ್ಲೋವ್ ಬಾಕ್ಸಿನಲ್ಲಿ! ಟಾರ್ಚು, ಎರಡು ಹಳೇ ಫ್ಯೂಸು, ಅಡಿಕೆ ಮಂಡಿಯ ಚೀಟಿಗಳ ಕೆಳಗೆ. ಗುಲಾಬಿ ಬಣ್ಣ ಪೂರ್ತಿ ಮಾಸಿತ್ತು. ಅಜ್ಜನಿಗೆ ತೋರಿಸಿ ಕೇಳಿದೆ, "ಕಾರಲ್ಲಿ ರೇಡಿಯೋನೇ ಇರ್ಲಿಲ್ವಲ್ಲ ಅಜ್ಜ, ಲೈಸೆನ್ಸ್ ಯಾಕೆ ಇಲ್ಲಿತ್ತು?"

"ರೇಡಿಯೋ ಇತ್ತಲ್ಲೋ. ನಿನ್ನ ಅಜ್ಜಿ ತೊಡೆ ಮೇಲೆ."

ಮನೆಯ ಟ್ರಾನ್ಸಿಸ್ಟರನ್ನೇ, ಚರ್ಮದ ಕವಚ ಹಾಕಿದ್ದು, ಕಾರಿನಲ್ಲಿ ತಗೊಂಡು ಹೋಗ್ತಿದ್ದರಂತೆ. ಅಜ್ಜಿ ಅದನ್ನು ಕಿಟಕಿ ಹತ್ತಿರ ಹಿಡಿದು ಕೂರಬೇಕು. ಗಾಡಿ ತಿರುಗಿದ ಹಾಗೆ ಅಜ್ಜಿ ರೇಡಿಯೋ ತಿರುಗಿಸಬೇಕು. ಆಗುಂಬೆ ಘಾಟಿ ಇಳಿಯುವಾಗ ಒಂದೊಂದು ತಿರುವಿಗೂ ಒಂದೊಂದು ಸಲ. "ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸಿದ್ರೆ ಅವಳು ರೇಡಿಯೋ ಎಡಕ್ಕೆ. ಒಂದು ದಿನವೂ ತಪ್ಪಿದ್ದಿಲ್ಲ" ಅಂದರು ಅಜ್ಜ.

ಇದು ಬರೀ ಪ್ರೀತಿಯ ಮಾತಲ್ಲ, ಭೌತಶಾಸ್ತ್ರ. ಕಾರಿನ ತಗಡಿನ ಮೈ ರೇಡಿಯೋ ಅಲೆಯನ್ನು ಒಳಗೆ ಬಿಡೋದಿಲ್ಲ, ಹಾಗಾಗಿ ಕಿಟಕಿ. ಮೀಡಿಯಂ ವೇವ್ ಟ್ರಾನ್ಸಿಸ್ಟರಿನ ಒಳಗಿನ ಆಂಟೆನಾ ಒಂದು ಫೆರೈಟ್ ಕಡ್ಡಿ. ಅದರ ತುದಿ ಸ್ಟೇಷನ್ ಕಡೆ ಮುಖ ಮಾಡಿದರೆ ದನಿ ಬಿದ್ದುಹೋಗುತ್ತೆ, ಅಡ್ಡಕ್ಕೆ ಹಿಡಿದರೆ ಚೆನ್ನಾಗಿ ಬರುತ್ತೆ. ಕಾರು ಬಲಕ್ಕೆ ಹೊರಳಿದರೆ ಕಡ್ಡಿಯನ್ನು ಅಷ್ಟೇ ಎಡಕ್ಕೆ ಹೊರಳಿಸಬೇಕು. ನಾಲ್ಕನೇ ಕ್ಲಾಸ್ ಓದಿದ್ದ ನಮ್ಮ ಅಜ್ಜಿ ಅದನ್ನು ಕೈಯಲ್ಲೇ ಕಲಿತಿದ್ದಳು. ನಾನು ನಾಲ್ಕನೇ ಸೆಮಿಸ್ಟರಿನಲ್ಲಿ ಓದಿ ಪರೀಕ್ಷೆ ಬರೆದು ಮರೆತಿದ್ದೆ.

ಇಷ್ಟಾದ ಮೇಲೆ ಆ ಡ್ಯಾಶ್‌ಬೋರ್ಡಿಗೆ ಗರಗಸ ಹಾಕೋದು ಹೇಗೆ ಹೇಳಿ?

ಕೆಲಸ ಶುರು ಮಾಡಿದೆ. ಬೆಂಗಳೂರಿನಿಂದ ಒಂದು ಸಣ್ಣ ಎಫ್‌ಎಂ ಸೆಟ್ಟು ತಂದೆ. ಗ್ಲೋವ್ ಬಾಕ್ಸಿನೊಳಗೆ ಇಟ್ಟು, ಬ್ಯಾಟರಿಯಿಂದ ಪ್ಲಸ್ಸು ಮೈನಸ್ಸು ಎರಡೂ ವೈರ್ ಸರಿಯಾಗೇ ಎಳೆದೆ. ಫ್ಯೂಸ್ ಆಮೇಲೆ ಹಾಕಿದರಾಯ್ತು, ಟೆಸ್ಟಿಂಗ್ ತಾನೇ ಅಂದುಕೊಂಡೆ. ಸೆಟ್ಟಿನ ಲೋಹದ ಕವಚ ಡ್ಯಾಶ್‌ಬೋರ್ಡಿನ ತಗಡಿಗೆ ತಾಗಿತು. ಚಟ್ ಅಂತ ಒಂದು ಕಿಡಿ, ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಹೊಗೆ. ಚಿಕ್ಕಪ್ಪ ಓಡಿ ಬಂದು ಬ್ಯಾಟರಿಯ ಕ್ಲಾಂಪ್ ಕಿತ್ತರು. ಪುಣ್ಯಕ್ಕೆ ವೈರು, ಸೆಟ್ಟು ಬಿಟ್ಟು ಬೇರೇನೂ ಹಾಳಾಗಲಿಲ್ಲ. ಗಾಲ್ವಿನ್ ಮತ್ತು ಬ್ಯಾಂಕಿನವರ ಪ್ಯಾಕಾರ್ಡ್ ನೆನಪಾಯ್ತು. ಅಜ್ಜ ಜಗಲಿಯಲ್ಲಿ ಕೂತು "ಏನೋ ಸುಟ್ಟ ವಾಸನೆ?" ಅಂದರು. ನಾನು ಸುಮ್ಮನಿದ್ದೆ.

ತಪ್ಪು ನನ್ನದೇ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕಾರಿನ ಮೈಗೆ ಕಟ್ಟಿರುತ್ತೆ. ಅಂಬಾಸಿಡರ್ ಅಂದ್ರೆ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸೀರೀಸ್. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ಅನ್ನೇ ಮೈಗೆ ಕಟ್ಟುತ್ತಿದ್ದರು. ನಮ್ಮ ಗಾಡಿಯೂ ಹಾಗೇ. ಈಗಿನ ರೇಡಿಯೋದ ಕವಚ ಮೈನಸ್, ಆಂಟೆನಾ ಕೇಬಲ್ಲಿನ ಹೊರಗಿನ ಜಾಲರಿಯೂ ಮೈನಸ್. ಎರಡರಲ್ಲಿ ಯಾವುದು ಮೈಗೆ ತಾಗಿದರೂ ನೇರ ಶಾರ್ಟ್. ಹಳೇ ವಾಲ್ವ್ ರೇಡಿಯೋಗಳಲ್ಲಿ ಎಷ್ಟೋ ಸೆಟ್ಟುಗಳಿಗೆ ಪ್ಲಸ್ಸಾದರೇನು ಮೈನಸ್ಸಾದರೇನು ಅನ್ನೋ ಧೋರಣೆ ಇತ್ತು. ಟ್ರಾನ್ಸಿಸ್ಟರಿಗೆ ಮಾತ್ರ ದಿಕ್ಕು ತಪ್ಪಿದರೆ ಪ್ರಾಣಾಪಾಯ. ಅದಕ್ಕೇ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಾರುತ್ತಿದ್ದ ಎಷ್ಟೋ ಕಾರ್ ರೇಡಿಯೋಗಳಲ್ಲಿ ಪ್ಲಸ್ ಅರ್ಥೋ ಮೈನಸ್ ಅರ್ಥೋ ಅಂತ ಆರಿಸಿಕೊಳ್ಳುವ ವ್ಯವಸ್ಥೆ ಇರುತ್ತಿತ್ತು.

ಮೇಸ್ತ್ರಿ ಬಂದು ನೋಡಿ ನಕ್ಕ. "ಇದು ಉಲ್ಟಾ ಅರ್ಥ್ ಗಾಡಿ ಸಾರ್. ಬ್ಯಾಟರಿ ತಿರುಗಿಸಿ, ಡೈನಮೋಗೆ ಹೊಸದಾಗಿ ಕರೆಂಟ್ ಮುಟ್ಟಿಸಿ, ಕಾಯಿಲ್ ವೈರ್ ಅದಲು ಬದಲು ಮಾಡಿದ್ರೆ ಈಗಿನ ಗಾಡಿ ಥರ ಆಗುತ್ತೆ. ಒಂದು ಗಂಟೆ." ನಿಜ, ಹಾಗೆ ಮಾಡುವವರು ಬಹಳ ಜನ ಇದ್ದಾರೆ, ಅದರಲ್ಲಿ ಏನೂ ಕೊರೆಯೋದೂ ಇಲ್ಲ. ಆದರೂ ನನಗೆ ಬೇಡ ಅನ್ನಿಸ್ತು. ಮುಂದೆ ಯಾವನೋ ಹಳೇ ಪುಸ್ತಕದ ವೈರಿಂಗ್ ಚಿತ್ರ ನಂಬಿಕೊಂಡು ಬಾನೆಟ್ ತೆಗೆದರೆ ಅವನಿಗೂ ಇದೇ ಗತಿ. ಡಾಕ್ಯುಮೆಂಟೇಶನ್ ಒಂದು, ಕೋಡ್ ಇನ್ನೊಂದು ಆದರೆ ಏನಾಗುತ್ತೆ ಅಂತ ನಾವು ದಿನಾ ಆಫೀಸಿನಲ್ಲಿ ನೋಡ್ತೀವಲ್ಲ!

ಕೊನೆಗೆ ಮಾಡಿದ್ದು ಹೀಗೆ:

1. ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್ ತಂದೆ. 12 ವೋಲ್ಟ್ ಒಳಗೆ, 12 ವೋಲ್ಟ್ ಹೊರಗೆ, ಆದರೆ ಎರಡರ ನಡುವೆ ತಂತಿಯ ಸಂಬಂಧ ಇಲ್ಲ. ಒಳಗಿನ ಕಡೆ ಪ್ಲಸ್ ಕಾರಿನ ಮೈಗೆ. ಹೊರಗಿನ ಕಡೆ ರೇಡಿಯೋದ ಮೈನಸ್ ಕವಚ ಅದೇ ಮೈಗೆ ತಾಗಿದರೂ ಈಗ ಏನೂ ಆಗೋದಿಲ್ಲ. ಇದನ್ನು ಮಲ್ಟಿಮೀಟರ್ ಹಿಡಿದು ಮೂರು ಸಲ ನೋಡಿದೆ.

2. ಫ್ಯೂಸ್ ಮೊದಲು, ಅದೂ ಬ್ಯಾಟರಿಯ ಪಕ್ಕದಲ್ಲೇ. ಬುದ್ಧಿ ಬಂದಿತ್ತು.

3. ಹೊಸ ಸೆಟ್ಟು ಗ್ಲೋವ್ ಬಾಕ್ಸಿನೊಳಗೆ, ಮರದ ಚೌಕಟ್ಟಿನಲ್ಲಿ. ಊರಿನ ಆಚಾರಿಯೇ ಮಾಡಿಕೊಟ್ಟರು. ಮುಚ್ಚಳ ಹಾಕಿದರೆ ಏನೂ ಕಾಣೋದಿಲ್ಲ. ಒಂದು ಸ್ಕ್ರೂ ಕೂಡ ಹೊಸ ತೂತಿಗೆ ಹಾಕಿಲ್ಲ.

4. ಸ್ಪೀಕರ್ ಬಾಗಿಲಿಗೆ ಬೇಡ. ಮುಂದಿನ ಸೀಟಿನ ಕೆಳಗೆ ಪುಟ್ಟ ಪೆಟ್ಟಿಗೆ.

5. ಆಂಟೆನಾ ಅಂದ್ರೆ ಮುಂದಿನ ಗಾಜಿನ ಮೇಲಂಚಿಗೆ ಒಳಗಿನಿಂದ ಅಂಟಿಸಿದ ತೆಳು ತಂತಿ.

6. ಪ್ಲಗ್ಗಿನ ವೈರುಗಳಿಗೆ ರೆಸಿಸ್ಟರ್ ಇರುವ ಕ್ಯಾಪ್, ಡೈನಮೋಗೆ ಕೆಪಾಸಿಟರ್. 1930ರ ಔಷಧಿಯೇ.

ಎಲ್ಲವನ್ನೂ ಬಿಚ್ಚಿ ಕಾರನ್ನು ಮೊದಲಿನ ಹಾಗೆ ಮಾಡೋಕೆ ಅರ್ಧ ಗಂಟೆ ಸಾಕು. ಏನು ಮಾಡಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಚಿತ್ರ ಹಾಕಿ, ಲೈಸೆನ್ಸ್ ಪುಸ್ತಕದ ಒಳಗೆ ಇಟ್ಟಿದ್ದೇನೆ.

ಹೋದ ಭಾನುವಾರ ಅಜ್ಜನನ್ನು ಕೂರಿಸಿಕೊಂಡು ಹೊರಟೆ. ನಾನು ಸ್ಟೀರಿಂಗ್ ಹಿಡಿದಿದ್ದೆ, ಅಜ್ಜ ಅಜ್ಜಿಯ ಸೀಟಿನಲ್ಲಿ. ಗ್ಲೋವ್ ಬಾಕ್ಸಿನ ಒಳಗಿನಿಂದ ಹಾಡು ಬಂದಾಗ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಏನೂ ಹೇಳಲಿಲ್ಲ. ತೋಟದ ಇಳಿಜಾರು ದಾಟಿ ಗುಡ್ಡದ ಮರೆಗೆ ಹೋದ ಹಾಗೆ ದನಿ ಸೊರಗುಟ್ಟತೊಡಗಿತು. ಎಫ್‌ಎಂ ಅಲ್ಲವಾ, ಗುಡ್ಡ ಅಡ್ಡ ಬಂದರೆ ಹಾಗೇ. ಏನೂ ಮಾಡೋಕಾಗಲ್ಲ.

ಪಕ್ಕಕ್ಕೆ ನೋಡಿದೆ. ಅಜ್ಜ ಎರಡೂ ಕೈಯನ್ನು ತೊಡೆಯ ಮೇಲೆ ಒಂದು ಪೆಟ್ಟಿಗೆ ಹಿಡಿದವರ ಹಾಗೆ ಇಟ್ಟುಕೊಂಡಿದ್ದರು. ತಿರುವಿನಲ್ಲಿ ನಾನು ಬಲಕ್ಕೆ ತಿರುಗಿಸಿದಾಗ ಆ ಕೈಗಳು ಮೆಲ್ಲಗೆ ಎಡಕ್ಕೆ ತಿರುಗಿದವು. ಗುಡ್ಡದ ಮರೆ ಮುಗಿದು ಹಾಡು ಮತ್ತೆ ಸರಿಯಾಗಿ ಬಂತು.

"ನೋಡು, ಬಂತು" ಅಂದರು ಅಜ್ಜ.

ನಾನು ಗುಡ್ಡದ ವಿಷಯ ಹೇಳಲಿಲ್ಲ.

ನಿಮ್ಮ ಮನೆಯ ಹಳೇ ಗಾಡಿಯಲ್ಲಿ ರೇಡಿಯೋ ಇತ್ತಾ? ಎಲ್ಲಿ ಇಟ್ಟಿದ್ದರು, ಯಾರು ಹಿಡಿದುಕೊಂಡು ಕೂರ್ತಿದ್ದರು? ನೆನಪಿದ್ರೆ ಬರೀರಿ. ಮತ್ತೆ, ಯಾರಾದರೂ ಗರಗಸ ಹಿಡಿದು ಬಂದರೆ ಒಂದು ತಿಂಗಳು ಟೈಮ್ ಕೇಳಿ. ಮೂರು ತಿಂಗಳು ಹಿಡಿಯುತ್ತೆ, ಆದ್ರೂ ಕೇಳಿ :-)